ಕರಿಕೋಟಿನ ಜೇಬಿನಲ್ಲೊಂದು ಲೋಟ

ನಮ್ಮ ಸೀನಿಯರ್ ಅವರ ಕರಿಕೋಟಿನ ಬಲಜೇಬು ಎಡಜೇಬಿಗಿಂತ ಎರಡು ಬೆರಳಿನಷ್ಟು ಕೆಳಗೆ ಜೋತುಬಿದ್ದಿರುತ್ತಿತ್ತು. ಅದರೊಳಗೆ ಒಂದು ಸ್ಟೀಲ್ ಲೋಟ ಇರುತ್ತಿತ್ತು. ಚಿಂತಾಮಣಿಯ ನ್ಯಾಯಾಲಯದ ಮೆಟ್ಟಿಲು ಹತ್ತುವಾಗ ಅದು ಬೀಗದ ಕೈಗೊಂಚಲಿಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿತ್ತು. ಆ ಸದ್ದು ಕೇಳಿದ ಕೂಡಲೇ ಕಾರಿಡಾರಿನ ಬೆಂಚಿನಲ್ಲಿ ಕಾಯುತ್ತಿದ್ದ ಕಕ್ಷಿದಾರರು ಕಾಗದಪತ್ರಗಳ ಚೀಲ ಎತ್ತಿಕೊಂಡು ಎದ್ದು ನಿಲ್ಲುತ್ತಿದ್ದರು.

ನಾನು ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯವರ ಮನೆಯವಳು. ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ಮೊದಲನೆಯವಳು. ಕಾನೂನು ಓದಿ ಅವರ ಬಳಿ ಕಿರಿಯ ವಕೀಲೆಯಾಗಿ ಸೇರಿದಾಗ, ತಪ್ಪಿಲ್ಲದ ವಾಕ್ಯ ಬರೆಯುವುದೇ ವಕೀಲಿ ವೃತ್ತಿಯ ಮುಕ್ಕಾಲು ಪಾಲು ಎಂದು ನಂಬಿದ್ದೆ. ಅವರು ರಸ್ತೆ ಅಪಘಾತದ ಪರಿಹಾರದ ಮೊಕದ್ದಮೆಗಳನ್ನು ನಡೆಸುತ್ತಿದ್ದರು, ಅದೂ ಪೆಟ್ಟು ತಿಂದವರ ಪರವಾಗಿ ಮಾತ್ರ. ಕಕ್ಷಿದಾರರನ್ನು ಅವರು ಮೊದಲು ಕೇಳುತ್ತಿದ್ದುದು ಸಂಪಾದನೆಯ ವಿಷಯವನ್ನಲ್ಲ. ಉದ್ದನೆಯ ನೋಟ್‌ಬುಕ್ ತೆರೆದು, “ಹೇಳಿ, ಮೊದಲೆಲ್ಲ ಬೆಳಿಗ್ಗೆ ಎದ್ದ ಕೂಡಲೇ ಏನ್ ಮಾಡ್ತಿದ್ರಿ?” ಎಂದು ಶುರುಮಾಡುತ್ತಿದ್ದರು. ಹಾಲು ಕರೆಯುವುದರಿಂದ ಹಿಡಿದು ದೀಪ ಆರಿಸುವವರೆಗೆ ಇಡೀ ದಿನವನ್ನು ಬರೆದುಕೊಳ್ಳುತ್ತಿದ್ದರು. ಆ ಪುಟವನ್ನು ‘ದಿನ’ ಎಂದು ಕರೆಯುತ್ತಿದ್ದರು. “ದಿನ ತಗೊಂಡ್ಯೇನಮ್ಮ?” ಎಂದು ಕೇಳಿದರೆ ನಾನು ಪುಟ ತೋರಿಸಬೇಕಿತ್ತು.

ಲೋಟದ ಬಗ್ಗೆ ಕೇಳಲು ನನಗೆ ಆರು ತಿಂಗಳು ಧೈರ್ಯವಾಗಲಿಲ್ಲ. ವಿಮಾ ಕಂಪನಿಯವರ ವಿಚಾರ ಸಂಕಿರಣವಿರಲಿ, ಎದುರು ಪಕ್ಷದ ವಕೀಲರ ಮನೆಯ ಗೃಹಪ್ರವೇಶವಿರಲಿ, ಅವರು ಹೊರಗಿನ ಗಾಡಿಯಿಂದ ತಾವೇ ಟೀ ಕೊಂಡು ತಮ್ಮ ಲೋಟದಲ್ಲಿ ಕುಡಿಯುತ್ತಿದ್ದರು. ಕಕ್ಷಿದಾರರ ಮನೆಗೆ ಹೋದಾಗ ಮಾತ್ರ ಆ ಮನೆಯವರು ಕೊಟ್ಟ ಲೋಟದಲ್ಲೇ ಕುಡಿಯುತ್ತಿದ್ದರು. ಕೊನೆಗೆ ಕೇಳಿದಾಗ ನಕ್ಕರು.

“ನಾನು ಚಿಕ್ಕೋನಾಗಿದ್ದಾಗ ನಮ್ಮೂರ ಹೋಟ್ಲಲ್ಲಿ ನಮ್ಮ ಕೇರಿಯೋರಿಗೆ ಅಂತ ಬೇರೆ ಲೋಟ ಇಡ್ತಿದ್ರು. ಕುಡಿದು ನಾವೇ ತೊಳೆದಿಡ್ಬೇಕು. ಇದನ್ನೂ ನಾನೇ ತೊಳೀತೀನಿ. ಆದ್ರೆ ಇದು ನಂದು ಕಣಮ್ಮ.”

“ಕಕ್ಷಿದಾರರ ಮನೇಲಿ ಕುಡೀತೀರಲ್ಲ ಸಾರ್?”

“ಟೀ ಕುಡಿದ ಬಾಯಲ್ಲಿ ‘ಬೇಡ’ ಅನ್ನೋದು ಕಷ್ಟ. ಅವರಿಗೆ ನಾನು ಬೇಡ ಅನ್ನಬಾರ್ದು. ಅದಕ್ಕೇ ಅಲ್ಲಿ ಕುಡೀತೀನಿ.”

ಆ ಮಾತು ನನಗೆ ಅರ್ಥವಾದದ್ದು ಕೆಂಚಾರ್ಲಹಳ್ಳಿಯ ಹೆಂಗಸೊಬ್ಬರ ಪ್ರಕರಣದಲ್ಲಿ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ರಸ್ತೆ ದಾಟುವಾಗ ಟೆಂಪೊ ಗುದ್ದಿ ಅವರ ಬಲತೋಳು ಎದೆಯ ಮಟ್ಟಕ್ಕಿಂತ ಮೇಲೇಳದಂತಾಗಿತ್ತು. ಪ್ರಕರಣ ಲೋಕ ಅದಾಲತ್‌ಗೆ ಬಂದ ದಿನ ಸೀನಿಯರ್ ಬೇರೊಂದು ಕೋರ್ಟ್ ಹಾಲಿನಲ್ಲಿದ್ದರು. ವಿಮಾ ಕಂಪನಿಯ ಅಧಿಕಾರಿ ನನ್ನನ್ನು ‘ಮೇಡಂ’ ಎಂದು ಕರೆದು ಕುರ್ಚಿ ಎಳೆದುಕೊಟ್ಟರು. ಅದುವರೆಗೆ ಆ ಕಟ್ಟಡದಲ್ಲಿ ನನಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ. ಕಾಫಿ ತರಿಸಿದರು. ಹೊಳೆಯುವ ರಟ್ಟಿನ ಡೈರಿಯನ್ನೂ ಒಂದು ಕಿರುಹೊತ್ತಿಗೆಯನ್ನೂ ಕೊಟ್ಟರು. ವಿಮೆಯವರು ಕೊಡಬೇಕಾದ ಪರಿಹಾರಕ್ಕೆ ಮೇಲ್ಮಿತಿ ಹಾಕುವ ಮಸೂದೆ ಸಂಸತ್ತಿನ ಮುಂದಿದೆಯೆಂದೂ, ಮಿತಿ ಏಕೆ ಅಗತ್ಯವೆಂದೂ ಅದರಲ್ಲಿ ಸೊಗಸಾಗಿ ಅಚ್ಚಾಗಿತ್ತು.

“ದೆಹಲೀಲಿ ನಮ್ಮೋರು ಸದಸ್ಯರನ್ನೆಲ್ಲ ಕಂಡು ಮಾತಾಡಿದ್ದಾರೆ ಮೇಡಂ. ಪಾಸಾದಂಗೇ ಲೆಕ್ಕ. ಆಮೇಲೆ ಇಷ್ಟೂ ಸಿಗಲ್ಲ. ಈಗಲೇ ರಾಜಿ ಮಾಡಿಸಿಬಿಡಿ,” ಎಂದರು. ಅಚ್ಚಾದ ಅಕ್ಷರದ ಮೇಲೆ ನನಗೆ ಬಹಳ ಗೌರವ. ಕಾಫಿ ಮುಗಿಸಿ, ಒಂದೂ ಚಿತ್ತಿಲ್ಲದಂತೆ ರಾಜಿ ಅರ್ಜಿ ಬರೆದೆ. ಆ ಹೆಂಗಸು, “ಏಂ ಚೇದ್ದಾಂ?” ಏನು ಮಾಡೋಣ ಎಂದು ಗಂಡನನ್ನು ತೆಲುಗಿನಲ್ಲಿ ಕೇಳಿದರು. ಆತ, “ಓದಿರೋ ಹುಡುಗಿ ಹೇಳ್ತವ್ಳಲ್ಲ, ಹಾಕು,” ಎಂದ. ಅವರು ಪೆನ್ನನ್ನು ಎಡಗೈಗೆ ತೆಗೆದುಕೊಂಡರು.

ಅಷ್ಟರಲ್ಲಿ ಲೋಟದ ಸದ್ದು ಕೇಳಿಸಿತು. ಸೀನಿಯರ್ ಅರ್ಜಿ ಓದಿದರು. ಜೇಬಿನಿಂದ ಲೋಟ ತೆಗೆದು, ಹೂಜಿಯಿಂದ ನೀರು ತುಂಬಿ ಆ ಹೆಂಗಸಿನ ಮುಂದಿಟ್ಟರು.

“ಬಲಗೈಯಲ್ಲಿ ಕುಡೀರಮ್ಮ.”

ಲೋಟ ಎದೆಯವರೆಗೆ ಏರಿತು. ಅಲ್ಲಿಂದ ಮುಂದೆ ಬಾಯಿಯೇ ಲೋಟದ ಕಡೆಗೆ ಬಗ್ಗಬೇಕಾಯಿತು. ನೀರು ಸೆರಗಿನ ಮೇಲೆ ಚೆಲ್ಲಿತು.

“ಚಂದ್ರಿಕೆ ಎತ್ತಕ್ಕಾಗಲ್ಲ ಸಾಮಿ,” ಎಂದರು ಆಕೆ. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಯ ಮಾತದು. “ಮಗಳು ಹತ್ತನೇ ಕ್ಲಾಸು. ಇನ್ನು ಓದಿದ್ದು ಸಾಕು, ಹುಳ ನೋಡ್ಕ ಅಂದಿದೀವಿ.”

ಸೀನಿಯರ್ ಅಧಿಕಾರಿಯ ಕಡೆ ತಿರುಗಿದರು. “ಅಪಘಾತ ಆಗಿದ್ದು ಹೋದ ವರ್ಷ. ನಿಮ್ಮ ಕಾನೂನು ಇನ್ನೂ ಹುಟ್ಟೇ ಇಲ್ಲ. ಹುಟ್ಟದಿರೋ ಮಗು ಹೆಸರು ಹೇಳ್ಕೊಂಡು ಯಾಕ್ ಸಾರ್ ಹೆದರಿಸ್ತೀರ?” ಅಧಿಕಾರಿಗೂ ನಗು ಬಂತು. “ನಮ್ಮ ಕೆಲಸ ನಾವು ಮಾಡ್ಬೇಕಲ್ಲ ಸಾರ್,” ಎಂದು ಫೈಲು ಮಡಚಿದರು.

ಇಬ್ಬರೂ ಹೊರಗೆ ಬಂದೆವು. ಬೈಯುತ್ತಾರೆ ಎಂದುಕೊಂಡೆ.

“ಕಾಫಿ ಚೆನ್ನಾಗಿತ್ತಾ?”

“ಹೂಂ ಸಾರ್.”

“ಬರವಣಿಗೇನೂ ಚೆನ್ನಾಗೈತೆ. ಒಂದೂ ತಪ್ಪಿಲ್ಲ. ಆದ್ರೆ ಇಡೀ ಅರ್ಜೀಲಿ ಆ ಯಮ್ಮನ ಕೈಯೇ ಇಲ್ವಲ್ಲಮ್ಮ. ದಿನ ತಗೊಂಡಿದ್ದೆ ತಾನೇ?”

ತೆಗೆದುಕೊಂಡಿರಲಿಲ್ಲ. ಅಂದು ಸಂಜೆಯೇ ಕೆಂಚಾರ್ಲಹಳ್ಳಿಗೆ ಹೋಗಿ ಆಕೆಯ ದಿನ ಬರೆದುಕೊಂಡು ಬಂದೆ.

ಮುಂದಿನ ವಾರ ಚಿಕ್ಕಬಳ್ಳಾಪುರದ ಪ್ರವಾಸಿ ಮಂದಿರಕ್ಕೆ ಸಂಸತ್ ಸದಸ್ಯರೊಬ್ಬರು ಬಂದಿದ್ದರು. ಸೀನಿಯರ್ ಆ ಹೆಂಗಸನ್ನೂ ನನ್ನನ್ನೂ ಕರೆದುಕೊಂಡು ಹೋದರು. ಆ ಸದಸ್ಯರ ಮೇಜಿನ ಮೇಲೂ ವಿಮೆಯವರ ಅದೇ ಕಿರುಹೊತ್ತಿಗೆ, ಅದೇ ಡೈರಿ. ನನಗೆ ಸಿಟ್ಟು ಬಂತು. ಸೀನಿಯರ್‌ಗೆ ಬರಲಿಲ್ಲ. ಮಿತಿ ಬೇಡವೆಂಬ ಮನವಿಯ ಜೊತೆಗೆ, ಆ ಹೆಂಗಸಿನ ದಿನ ಬರೆದ ನಾಲ್ಕು ಪುಟಗಳನ್ನು ಕೊಟ್ಟರು. ನಿಂತಲ್ಲೇ ಮೊದಲ ಪುಟ ಓದಿದ ಅವರು ಕಣ್ಣೆತ್ತಿ ಆಕೆಯ ತೋಳನ್ನು ನೋಡಿ, “ಕೂತ್ಕೊಳ್ಳಮ್ಮ,” ಎಂದರು. ಆಮೇಲೆ, “ನೋಡೋಣ ವಕೀಲರೇ,” ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಸೀನಿಯರ್ ಹೇಳಿದರು: “ಅವರನ್ನ ಬೈದು ಏನು ಬಂತು? ಕಾನೂನು ಮಾಡೋರ ಮನೆಗೆ ಕಂಪನಿಯೋರು ದಿನಾ ಹೋಗ್ತಾರೆ. ಕೈ ಮುರಿದೋರು ಯಾರು ಹೋಗ್ತಾರೆ? ಬಾಗ್ಲಿಗೆ ಯಾರು ಬರ್ತಾರೋ ಅವರ ಮಾತು ಕಿವಿಗೆ ಬೀಳುತ್ತೆ.”

ಅದೇ ಮನವಿಯನ್ನು ದೆಹಲಿಗೂ ಅಂಚೆಯಲ್ಲಿ ಕಳಿಸಿದರು. ಆ ಹೆಂಗಸಿಗೆ ಮರುವರ್ಷ ತೀರ್ಪಾಯಿತು. ರಾಜಿಯಲ್ಲಿ ಸಿಗುತ್ತಿದ್ದುದಕ್ಕಿಂತ ಬಹಳ ಹೆಚ್ಚು ಸಿಕ್ಕಿತು. ಮಗಳು ಒಂದು ವರ್ಷ ತಡವಾಗಿ ಕಾಲೇಜು ಸೇರಿದಳು. ಮುಂದೆ ಕಾಯಿದೆ ಬಂದಾಗ ಅದರಲ್ಲಿ ಆ ಮೇಲ್ಮಿತಿ ಇರಲಿಲ್ಲ. ನಾನು ಓಡಿಹೋಗಿ ಹೇಳಿದಾಗ ಅವರು ಡ್ರಾಯರ್ ಎಳೆದು ಒಂದು ಚೀಟಿ ತೋರಿಸಿದರು. “ನಮ್ಮ ಕಾಗದ ಯಾರಾದ್ರೂ ಓದಿದ್ರೋ ಇಲ್ವೋ, ಆ ದೇವರಿಗೇ ಗೊತ್ತು. ರಿಜಿಸ್ಟರ್ಡ್ ಪೋಸ್ಟಿನ ರಸೀದಿಯಂತೂ ಐತೆ,” ಎಂದು ನಕ್ಕರು. ನಗು ಮುಗಿಸಿ ಕಾಯಿದೆಯ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ಸಾಲು ಅದು.

ಅವರು ಕೋರ್ಟಿಗೆ ಬರುವುದನ್ನು ನಿಲ್ಲಿಸಿದ ಮೇಲೆ ಒಂದು ಭಾನುವಾರ ಮನೆಗೆ ಕರೆಸಿಕೊಂಡರು. ಬಹಳ ಇಳಿದುಹೋಗಿದ್ದರು. ಆದರೆ ಟೀ ತಾವೇ ಮಾಡಿದರು. ಅದನ್ನು ತಮ್ಮ ಸ್ಟೀಲ್ ಲೋಟಕ್ಕೆ ಬಗ್ಗಿಸಿ ನನಗೆ ಕೊಟ್ಟರು. ಅಷ್ಟು ವರ್ಷಗಳಲ್ಲಿ ಆ ಲೋಟವನ್ನು ನಾನು ಮುಟ್ಟಿದ್ದು ಅದೇ ಮೊದಲು. ಮುಗಿಯುವವರೆಗೆ ಕಾದು ಕೇಳಿದರು:

“ಕುಡಿದಾಯ್ತಾ?”

“ಆಯ್ತು ಸಾರ್.”

“ಹಂಗಾದ್ರೆ ಇನ್ನು ಬೇಡ ಅನ್ನಂಗಿಲ್ಲ. ಆ ಆರು ತಿಂಗಳ ವಿಷಯ ಹಳ್ಳೀಲಿ ಯಾರಿಗೂ ಗೊತ್ತಿಲ್ಲ. ಕಟ್ಟು ಬಿಚ್ಚೋ ಹೊತ್ತಿಗೆ ವಾಯಿದೆ ಮುಗಿದಿರುತ್ತೆ. ಅವರು ಬರ್ಲಿ ಅಂತ ಕೂರಬೇಡ. ನೀನೇ ಹೋಗು.”

ಮುಂದಿನ ತಿಂಗಳು ಅವರು ನಿದ್ದೆಯಲ್ಲಿಯೇ ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಕುಂಟುತ್ತಾ ನಡೆದವರು, ಊರುಗೋಲು ಹಿಡಿದವರು ಬಹಳ ಮಂದಿ ಇದ್ದರು. ಆ ವಿಮಾ ಅಧಿಕಾರಿಯೂ ಬಂದಿದ್ದರು.

ಈಗ ತಿಂಗಳಿಗೆ ಎರಡು ಭಾನುವಾರ ನಾನು ಯಾವುದಾದರೂ ಊರಿಗೆ ಹೋಗುತ್ತೇನೆ. ಹೋದ ವಾರ ಗೌರಿಬಿದನೂರಿನ ಕಡೆ, ಅಲೀಪುರದಲ್ಲಿದ್ದೆ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ನಾಲ್ಕು ತಿಂಗಳಾಗಿದ್ದ, ಕಲ್ಲಿಗೆ ಹೊಳಪು ಕೊಡುವ ಕೆಲಸದವರೊಬ್ಬರು ಮಂಚದ ಮೇಲಿದ್ದರು. ಹಿಂದಿನಿಂದ ಲಾರಿ ತಾಗಿತ್ತಂತೆ. ಅರ್ಜಿ ಹಾಕಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರ ತಾಯಿ ಗಾಜಿನ ಲೋಟದಲ್ಲಿ ಟೀ ತಂದುಕೊಟ್ಟು, “ಪೀಲೋ ಬೇಟಿ,” ಎಂದರು. ಪೂರ್ತಿ ಕುಡಿದೆ. ಲೋಟ ಕೆಳಗಿಟ್ಟು ನೋಟ್‌ಬುಕ್ ತೆರೆದೆ.

“ಹೇಳಿ ಅಣ್ಣ, ಮೊದಲೆಲ್ಲ ಬೆಳಿಗ್ಗೆ ಎದ್ದ ಕೂಡಲೇ ಏನ್ ಮಾಡ್ತಿದ್ರಿ?”