ಒಂದು ದಿನ ಮುಂಚೆ ಬಂದ ಹಬ್ಬ

ತಿರುವನಂತಪುರದ ಕಳಕ್ಕೂಟಂನಲ್ಲಿರುವ ನಮ್ಮ ಆಫೀಸಿನ ರಜಾ ಪಟ್ಟಿಯಲ್ಲಿ ರಂಜಾನ್ ಹಬ್ಬ ಶುಕ್ರವಾರ ಎಂದಿತ್ತು. ಅದನ್ನು ನಂಬಿ, ಗುರುವಾರ ಅರ್ಧ ದಿನ ರಜೆ ಹಾಕಿ, ಮೈಸೂರಿನ ಬಸ್ಸಿಗೆ ಸೀಟು ಕಾದಿರಿಸಿದ್ದೆ. ಪಟ್ಟಿಯ ಕೆಳಗೆ ‘ಚಂದ್ರದರ್ಶನದಂತೆ ಬದಲಾಗಬಹುದು’ ಎಂದು ಸಣ್ಣ ಅಕ್ಷರಗಳಲ್ಲಿತ್ತು. ಚಿಕ್ಕಂದಿನಿಂದ ಪ್ರತಿ ಹಬ್ಬದ ಹಿಂದಿನ ಸಂಜೆ ಮಹಡಿ ಹತ್ತಿ ಆಕಾಶ ನೋಡಿದವಳು ನಾನು. ಆದರೂ ಆ ಸಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಬುಧವಾರ ಸಂಜೆ ಕೇರಳದ ಕಡಲತೀರದಲ್ಲಿ ಚಂದ್ರ ಕಂಡಿತು. ಮೈಸೂರಿನಲ್ಲಿ ಕಾಣಲಿಲ್ಲ. ಇಲ್ಲಿ ಹಬ್ಬವೂ ರಜೆಯೂ ಗುರುವಾರಕ್ಕೆ ಬಂದವು, ಮನೆಯಲ್ಲಿ ಹಬ್ಬ ಶುಕ್ರವಾರವೇ ಉಳಿಯಿತು.

ಆ ಶುಕ್ರವಾರ ನಾನು ಮನೆಯಲ್ಲಿರಲೇಬೇಕಿತ್ತು. ಹುಡುಗನ ಕಡೆಯವರು ಹಬ್ಬದ ಊಟಕ್ಕೆ ಬರುವವರಿದ್ದರು. ಅವರ ಬಾಯಿಗೆ ಸಿಹಿ ಇಟ್ಟರೆ ನಮ್ಮಲ್ಲಿ ಮದುವೆಯ ಮಾತು ಗಟ್ಟಿಯಾದಂತೆ. ಅದಕ್ಕೂ ಮೊದಲು ಅಬ್ಬಾನ ಎದುರು ಕೂತು, ಈ ಮದುವೆ ಬೇಡ ಎನ್ನಬೇಕಿತ್ತು. ಮನೆಯ ಫೋನಿರುವುದು ನಡುಮನೆಯಲ್ಲಿ. ಎಲ್ಲರ ಕಿವಿಯೂ ಅಲ್ಲೇ.

ಗುರುವಾರ ಮಧ್ಯಾಹ್ನ, ಶುಕ್ರವಾರಕ್ಕೆ ರಜೆ ಕೇಳದೆಯೇ ಬಸ್ಸು ಹತ್ತಿಬಿಟ್ಟೆ. ಆರೂವರೆಗೆ ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಬಸ್ಸು ನಿಂತಾಗ ಟೀಮ್ ಲೀಡ್ ಫೋನ್ ಮಾಡಿದ. ಪಕ್ಕದವರಿಗೆ ಕೇಳಬಾರದೆಂದು ಕೆಳಗಿಳಿದೆ.

“ಎಡೋ,” ಎಂದು ಮಲಯಾಳಿ ಸಲುಗೆಯಲ್ಲಿ ಕರೆದ, “ನಾಳೆ ಎಂಟಕ್ಕೇ ಬಾ. ಡೆಲಿವರಿ ಇದೆ.”

“ನಾಳೆ ನಮ್ಮನೇಲಿ ಹಬ್ಬ.”

“ಹಬ್ಬ ಇವತ್ತೇ ಆಯ್ತಲ್ಲ? ನಿನ್ನ ಪಾಲಿನ ಬಿರಿಯಾನಿ ನಾನೇ ತಿಂದೆ. ಒಂದೇ ದೇಶಕ್ಕೆ ಎರಡು ಚಂದ್ರನಾ?” ನಗು ನಿಲ್ಲಿಸಿ ಅಂದ, “ಬರದಿದ್ರೆ ಸೋಮವಾರ ಎಚ್‌ಆರ್ ಹತ್ರ ನೀನೇ ಮಾತಾಡ್ಕೋ.”

ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ. ಕೆಲಸ ಹೋದರೆ, ಮದುವೆ ಬೇಡ ಎನ್ನಲು ನನ್ನ ಬಳಿಯಿದ್ದ ಒಂದೇ ಕಾರಣವೂ ಹೋಗುತ್ತಿತ್ತು. ರಸ್ತೆಯಾಚೆ ತಿರುವನಂತಪುರಕ್ಕೆ ಹೋಗುವ ಬಸ್ಸೊಂದು ನಿಂತಿತ್ತು. ಅದನ್ನು ನೋಡುತ್ತಲೇ ಮನೆಗೆ ಫೋನ್ ಮಾಡಿದೆ.

“ಈಗಷ್ಟೇ ಚಂದ್ರ ಕಾಣಿಸ್ತು ಬೇಟಾ,” ಎಂದರು ಅಬ್ಬಾ. “ಎಲ್ಲಿದ್ದೀಯ?”

“ಕೊಚ್ಚೀಲಿ. ಅಬ್ಬಾ, ನನಗೆ ಈ ಮದುವೆ ಬೇಡ.”

ನಮ್ಮ ಡ್ರೈವರ್ ಎರಡು ಸಲ ಹಾರ್ನ್ ಹೊಡೆದ.

“ಇದನ್ನ ಫೋನಲ್ಲಿ ಹೇಳ್ತಾರಾ?” ಅಬ್ಬಾನ ದನಿ ತಗ್ಗಿತ್ತು. “ಬಂದು ಹೇಳು. ನೀನು ಬರೋ ತನಕ ಅವರಿಗೆ ಬರೀ ಚಹಾ, ಸಿಹಿ ಇಲ್ಲ.”

“ಬರೋಕಾಗದಿದ್ರೆ?”

“ಚಹಾ ಎಷ್ಟು ಲೋಟ ಅಂತ ಕೊಡ್ಲಿ, ಬೇಟಾ?”

ಮೈಸೂರಿನ ಬಸ್ಸನ್ನೇ ಹತ್ತಿದೆ. ‘ನಾಳೆ ಬರಲಾಗುವುದಿಲ್ಲ’ ಎಂದು ಟೀಮ್ ಲೀಡ್‌ಗೆ ಮೆಸೇಜ್ ಬರೆದೆ. ಧೈರ್ಯ ಬಂದು ಅದನ್ನು ಕಳಿಸುವ ಹೊತ್ತಿಗೆ ಬಸ್ಸು ಕೊಚ್ಚಿಯಂಚಿನ ಇಡಪ್ಪಳ್ಳಿ ದಾಟಿತ್ತು.