ಖಂಡೇ ಪೂಜೆಯ ನಿಂಬೆಹಣ್ಣು

ಗೆಳೆಯರೇ, ಎಂಜಿನ್ನೇ ಇಲ್ಲದ ನಮ್ಮ ಜೀಪು ಓಡಿದೆ ಎಂದು ಸರಕಾರ ಇವತ್ತು ಬರೆದುಕೊಂಡು ಹೋಯಿತು.

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಆ ಜೀಪು ಮೊರಬದ ನಮ್ಮ ಹಿತ್ತಲಲ್ಲೇ ನಿಂತಿದೆ. ಬಳಸುವುದಿಲ್ಲ, ಹಿತ್ತಲಲ್ಲಿ ನಿಲ್ಲಿಸಿದ್ದೇವೆ ಎಂದು ಧಾರವಾಡದ ಸಾರಿಗೆ ಕಚೇರಿಗೆ ಅರ್ಜಿ ಕೊಟ್ಟು, ನೋಂದಣಿ ಪತ್ರವನ್ನೂ ಒಪ್ಪಿಸಿದ್ದೆವು. ಹಾಗೆ ಮಾಡಿದರೆ ತೆರಿಗೆ ಇಲ್ಲ. ಅದನ್ನು ಪರೀಕ್ಷಿಸಲು ಬಂದ ಇನ್ಸ್‌ಪೆಕ್ಟರ್ ನೇರ ಚಕ್ರದ ಬುಡಕ್ಕೆ ಬಗ್ಗಿದರು.

“ಈ ನಿಂಬಿಹಣ್ಣು ಹೆಂಗ ಒಡದೈತಿ?”

“ಮೊನ್ನೆ ದಸರಾದ ಖಂಡೇ ಪೂಜಿ ಇತ್ತಲ್ರಿ,” ಎಂದಳು ಅವ್ವ. “ನಮ್ಮನಿಯವರ ಜೀಪು, ಪೂಜಿ ಬಿಡಾಕ ಮನಸಾಗಲಿಲ್ಲ. ನಿಂಬಿಹಣ್ಣು ಒಡೀಲಿ ಅಂತ ಎತ್ತು ಕಟ್ಟಿ ಒಂದು ಮೊಳ ಎಳಸೀನ್ರಿ.”

ನಾನು ಬಾನೆಟ್ ಎತ್ತಿ ತೋರಿಸಿದೆ. ಎಂಜಿನ್ ಬಿಚ್ಚಿ ಮಾರಿದ ಜಾಗದಲ್ಲಿ ಬೆಕ್ಕು ಮರಿ ಹಾಕಿತ್ತು.

“ಎಂಜಿನ್ ಸುದ್ದಿ ಕೇಳಿಲ್ಲ ನಾ. ಗಾಡಿ ಜಾಗಾ ಬಿಟ್ಟೈತೋ ಇಲ್ಲೋ, ಅಷ್ಟ ಹೇಳ್ರಿ.”

“ಬಿಟ್ಟೈತ್ರಿ,” ಎಂದಳು ಅವ್ವ. ಸುಳ್ಳು ಆಕೆಗೆ ಬರುವುದಿಲ್ಲ.

ಫಾರಮ್ಮಿನ ಮೇಲೆ ಇನ್ನೂ ಮೈಸೂರು ಎಂದೇ ಅಚ್ಚಾಗಿತ್ತು. ಅದಕ್ಕೆ ಗೀಟು ಹೊಡೆದು ಕರ್ನಾಟಕ ಎಂದು ತಿದ್ದಿದರು. ಕೆಳಗೆ ‘ವಾಹನ ಚಲಿಸಿದೆ’ ಎಂದು ಬರೆದು ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಇನ್ನು ಆ ಎರಡೂ ವರ್ಷದ ತೆರಿಗೆ, ದಂಡ ಸಮೇತ.

ಕಾಗದ ಅವರ ಜೊತೆ ಸಂಜೆಯ ಬಸ್ಸಿಗೆ ಹೋಯಿತು. ಬರುವ ವರ್ಷ ಅವ್ವ ಆ ಕಾಗದಕ್ಕೇ ಮಾಲೆ ಹಾಕಿ ಪೂಜೆ ಮಾಡಲಿ. ನಮ್ಮ ಮನೆಯಿಂದ ಧಾರವಾಡಕ್ಕೆ ಓಡಾಡುವುದು ಅದೊಂದೇ.