ಎರಡಕ್ಷರದ ತಿದ್ದುಪಡಿ

ಪಿಂಪ್ರಿ-ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಬೇರೆಯವರ ತಪ್ಪು ಹುಡುಕಿ ಸಂಬಳ ತಿಂದವನು ನಾನು. ಡ್ರಾಯಿಂಗ್ ವಿಭಾಗದ ಪ್ರತಿ ನಕ್ಷೆಯ ಕೆಳಮೂಲೆಯಲ್ಲಿ ‘ಪರಿಶೀಲಿಸಿದವರು’ ಎಂದು ಒಂದು ಸಣ್ಣ ಚೌಕ ಇರುತ್ತದೆ. ನನ್ನ ಪ್ರಾಯವೆಲ್ಲ ಆ ಚೌಕದೊಳಗೇ ಕಳೆಯಿತು. ಅಳತೆ ಸರಿಯಿದ್ದರೆ ಸಹಿ, ತಪ್ಪಿದ್ದರೆ ಕೆಂಪು ಪೆನ್ಸಿಲ್. ಆ ಬಿಡಿಭಾಗ ಯಾವ ಯಂತ್ರಕ್ಕೆ ಹೋಗುತ್ತದೆ, ಓಡುತ್ತದೋ, ಯಾರ ಮೈಮೇಲಾದರೂ ಹಾಯುತ್ತದೋ ಎಂದು ಕೇಳುವುದು ನಮ್ಮ ಚೌಕದ ಕೆಲಸವಾಗಿರಲಿಲ್ಲ.

ನಿವೃತ್ತನಾದ ಮೇಲೆ ಈ ಪ್ರತಿಭೆ ಮಣ್ಣುಪಾಲಾಗಬಾರದೆಂದು ಅದನ್ನು ಕನ್ನಡಕ್ಕೆ ಧಾರೆಯೆರೆದೆ. ಕನ್ನಡ ಕೇಳಿರಲಿಲ್ಲ, ಆ ಮಾತು ಬೇರೆ. ನಾವು ಹದಿನೈದಿಪ್ಪತ್ತು ಜನ ಪುಣೆ ಕನ್ನಡಿಗರು ಭಾನುವಾರ ಬೆಳಿಗ್ಗೆ ಒಂದು ಹೋಟೆಲಿನ ಮೇಲಿನ ಹಾಲಿನಲ್ಲಿ ಸೇರಿ ಪುಸ್ತಕ ಓದುತ್ತೇವೆ. ಕರಾವಳಿಯಿಂದ ಬಂದ ಹೋಟೆಲ್ ಮಾಲೀಕರು ಹಾಲನ್ನು ಧರ್ಮಕ್ಕೆ ಕೊಡುತ್ತಾರೆ. ಹನ್ನೊಂದೂವರೆಗೆ ಮೆಟ್ಟಿಲ ಬಳಿ ನಿಂತು, “ಸಾಹಿತ್ಯ ಆಯ್ತಾ ಮಾರಾಯ್ರೆ? ಊಟಕ್ಕೆ ಟೇಬಲ್ ಹಾಕ್ಬೇಕು” ಎನ್ನುತ್ತಾರೆ. ನಮ್ಮ ವಿಮರ್ಶೆಗೆ ಇಂದಿಗೂ ಅದೇ ಪೂರ್ಣವಿರಾಮ.

ಎರಡು ವರ್ಷದ ಹಿಂದೆ ನಮ್ಮನಮ್ಮಲ್ಲೇ ಒಂದು ಕಥಾಸ್ಪರ್ಧೆ ಇಟ್ಟೆವು. ವಿಷಯ: ಬದುಕನ್ನು ಬದಲಿಸಿದ ಒಂದು ದಿನ. ನಾಲ್ಕು ಪುಟ ಮೀರಬಾರದು. ತಿದ್ದುವವನು, ಅಂಕ ಕೊಡುವವನು, ಕೊನೆಗೆ ನಾಲ್ಕು ಹಿತವಚನ ನುಡಿಯುವವನು ಎಲ್ಲವೂ ನಾನೇ. ನಿಯಮಗಳನ್ನೂ ನಾನೇ ಬರೆದಿದ್ದೆ. ಮೂಲಪ್ರತಿ ನನ್ನ ಕೈಸೇರಬೇಕು, ಭಾಷೆ ತಿದ್ದಿ ನಾನೇ ಶುದ್ಧಪ್ರತಿ ಬರೆಯುತ್ತೇನೆ, ಅದರ ಜೆರಾಕ್ಸ್ ಎಲ್ಲರಿಗೂ ಹಂಚುತ್ತೇವೆ, ಕಥೆಗಾರರು ಎದ್ದು ನಿಂತು ಶುದ್ಧಪ್ರತಿಯನ್ನೇ ಓದಬೇಕು.

ಏಳು ಕಥೆ ಬಂದವು. ಮೂವರ ಬದುಕು ಪುಣೆ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಬದಲಾಗಿತ್ತು. ಒಬ್ಬರದು ಬೈಪಾಸ್ ಆಪರೇಷನ್ನಿನಿಂದ. ಇನ್ನೊಬ್ಬರು ಚಹಾ ಬಿಟ್ಟು ಹೊಸ ಮನುಷ್ಯರಾಗಿ ನಾಲ್ಕನೇ ಪುಟದಲ್ಲಿ ಮತ್ತೆ ಹಿಡಿದಿದ್ದರು. ಮತ್ತೊಬ್ಬರ ಮಾವ ತೀರಿಕೊಂಡಿದ್ದರು, ಮಿಕ್ಕಿದ್ದೆಲ್ಲ ಹಾಗೇ ಇತ್ತು. ಏಳನೆಯದು ಬೆಳಗಾವಿ ಕಡೆಯ ಒಬ್ಬ ಹೆಂಗಸಿನದು.

ಆಕೆಗೆ ಐವತ್ಮೂರು. ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ. ಮಾತು ಕಡಿಮೆ. ಮಗರಪಟ್ಟಾದ ಕಚೇರಿಯೊಂದಕ್ಕೆ ಹೋಗುವ ಮೂವತ್ತಾರರ ತಂಗಿಯೊಡನೆ ಒಂದೇ ಮನೆಯಲ್ಲಿ ಇರುತ್ತಿದ್ದರು. ಅವ್ವ ತೀರಿಕೊಂಡು ವರ್ಷವಾಗಿತ್ತು.

ಆಗ ನನಗೆ ಗೊತ್ತಿಲ್ಲದಿದ್ದುದನ್ನು ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ಆ ತಂಗಿ ತಂಗಿಯಲ್ಲ, ಮಗಳು. ಹದಿನೇಳರಲ್ಲಿ ಆದವಳು. ಅವ್ವ ಮಗಳನ್ನು ಪುಣೆ ಹತ್ತಿರದ ಭೋರ್ ಎಂಬ ಊರಿನಲ್ಲಿದ್ದ ಸಂಬಂಧಿಕರ ಮನೆಯಲ್ಲಿ ಹೆರಿಗೆಗೆ ಇಟ್ಟು, ಕೂಸನ್ನು ತನ್ನದೆಂದು ಎತ್ತಿಕೊಂಡು ಪುಣೆಗೆ ಬಂದು ಮನೆ ಮಾಡಿದ್ದಳು. ತಾನು ಇರುವ ತನಕ ಬಾಯಿ ಬಿಡಬಾರದೆಂದು ಆಣೆ ಹಾಕಿಸಿದ್ದಳು. ಅವ್ವ ಹೋದಳು, ಆಣೆ ಮುಗಿಯಿತು. ಆದರೆ ಮೂವತ್ತೈದು ವರ್ಷ ಮುಚ್ಚಿಕೊಂಡ ಬಾಯಿ ಇನ್ನೊಂದು ವರ್ಷ ಕಳೆದರೂ ತೆರೆಯಲಿಲ್ಲ. ಅಷ್ಟರಲ್ಲಿ ನನ್ನ ಸ್ಪರ್ಧೆ ಬಂತು. ಬಾಯಲ್ಲಿ ಆಗದ್ದನ್ನು ಆಕೆ ಕಥೆಯಲ್ಲಿ ಹೇಳಹೊರಟರು, ಅದೂ ಒಂದೇ ಪದದಲ್ಲಿ.

ಆ ಪದದ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಮರಾಠಿಯಲ್ಲಿ ಅಕ್ಕನಿಗೆ ‘ತಾಈ’ ಎನ್ನುತ್ತಾರೆ. ಇಲ್ಲಿನ ಕನ್ನಡದ ಮಕ್ಕಳೂ ಬಿಲ್ಡಿಂಗಿನ ಮಕ್ಕಳ ಬಾಯಿಂದ ಅದನ್ನೇ ಎತ್ತಿಕೊಳ್ಳುತ್ತವೆ. ಮಾತಿನ ಓಟದಲ್ಲಿ ಮರಾಠಿಯ ತಾಈ, ಕನ್ನಡದ ತಾಯಿ ಎರಡೂ ಕಿವಿಗೆ ಒಂದೇ. ಬೇರೆಯಾಗುವುದು ಕಾಗದದ ಮೇಲೆ ಮಾತ್ರ.

ಕಥೆ ಇಷ್ಟೆ. ಅಕ್ಕ, ತಂಗಿ, ಅವ್ವ ಇರುವ ಮನೆ. ಅವ್ವ ಸಾಯುತ್ತಾಳೆ. ದಿನಗಳೆಲ್ಲ ಮುಗಿದ ಮೇಲೆ ತಂಗಿ ಅವ್ವನ ಟ್ರಂಕ್ ತೆಗೆದು ಸೀರೆಯ ಮಡಿಕೆಯಲ್ಲಿ ಒಂದು ಹಳೆಯ ಚೀಟಿ ನೋಡುತ್ತಾಳೆ. ಚೀಟಿಯಲ್ಲಿ ಏನಿತ್ತೆಂದು ಕಥೆ ಹೇಳುವುದಿಲ್ಲ. ಅಕ್ಕ ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದಾಳೆ. ತಂಗಿ ಬಾಗಿಲಲ್ಲಿ ತುಂಬ ಹೊತ್ತು ನಿಂತು, “ತಾಯಿ, ಕೈ ತೊಳಕೋ. ಇವತ್ತ ನಾ ಅಡಿಗಿ ಮಾಡ್ತೀನಿ” ಎನ್ನುತ್ತಾಳೆ. ಮುಗಿಯಿತು.

ಕಥೆಯುದ್ದಕ್ಕೂ ಹನ್ನೊಂದು ಕಡೆ ‘ತಾಈ’ ಎಂದಿತ್ತು. ಕೊನೆಯ ಸಾಲಿನಲ್ಲಿ ಮಾತ್ರ ‘ತಾಯಿ’. ಮೂವತ್ತೊಂದು ವರ್ಷದ ಅನುಭವಸ್ಥನಿಗೆ ಇದು ತಕ್ಷಣ ಹೊಳೆಯಿತು. ಹನ್ನೊಂದು ಕಡೆ ಮರಾಠಿ ಬೆರಕೆ, ಹನ್ನೆರಡನೆಯದು ಅದೇ ಬೆರಕೆಯ ಕಾಗುಣಿತದೋಷ. ಹನ್ನೆರಡನ್ನೂ ಹೊಡೆದು ‘ಅಕ್ಕ’ ಎಂದು ಬರೆದೆ. ಕೆಳಗೆ ಸಹಿ ಹಾಕಿದೆ. ಆ ದಿನ ಮಧ್ಯಾಹ್ನ ಒಳ್ಳೆಯ ನಿದ್ದೆ ಬಂತು.

ಭಾನುವಾರ ಆಕೆ ಎಂದೂ ಬಾರದ ತಂಗಿಯನ್ನು ಕರೆದುಕೊಂಡು ಬಂದರು. ಹೊಸ ಸೀರೆ ಉಟ್ಟಿದ್ದರು. ಜೆರಾಕ್ಸ್ ಹಂಚಿದೆವು. ತಂಗಿ ಮುಂದಿನ ಸಾಲಿನಲ್ಲಿ ಕೂತು ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದು ಶುರುವಾಗಲೆಂದು ಕಾದಳು. ಅಕ್ಕ ಎದ್ದು ನಿಂತು ಓದತೊಡಗಿದರು. ಮೊದಲ ‘ಅಕ್ಕ’ ಬಂದಾಗ ತಡವರಿಸಿ ಮುಂದೆ ಹೋದರು. ಮೂರನೆಯ ‘ಅಕ್ಕ’ ಬಂದಾಗ ಹಾಳೆ ತಿರುವಿ ಕೊನೆಯ ಪುಟ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕೃತಜ್ಞತೆ ಇರಬೇಕೆಂದು ನಾನು ತಲೆಯಾಡಿಸಿದೆ.

ಕೊನೆಯ ಸಾಲು ಬಂತು.

“ತಾಯಿ...” ಎಂದರು.

ನಾನು ಕೂತಲ್ಲಿಂದಲೇ ಆಕೆಗೆ, “ಬಾಯಾರ, ಮತ್ತ ಮರಾಠಿ ಬಂತು ನೋಡ್ರಿ! ಅಕ್ಕ ಅನ್ರಿ, ಅಕ್ಕ” ಎಂದೆ.

ಹಾಲ್ ನಕ್ಕಿತು. ಚಹಾ ಬಿಟ್ಟವರು ಎಲ್ಲರಿಗಿಂತ ಜೋರಾಗಿ ನಕ್ಕರು.

ಆಕೆ ತಂಗಿಯ ಮುಖ ನೋಡುತ್ತ ಇನ್ನೊಮ್ಮೆ ನಿಧಾನವಾಗಿ, ‘ಯಿ’ಗೆ ಒತ್ತು ಕೊಟ್ಟು, “ತಾಯಿ” ಎಂದರು.

“ಹಾಳ್ಯಾಗ ಏನ್ ಬರದದ ಅದನ್ನಽ ಓದ್ರಿ,” ಎಂದೆ. “ನಿಯಮ ಅಂದ್ರ ನಿಯಮ.”

ತಂಗಿಯೂ ನಗುತ್ತ ನನ್ನ ಕಡೆ ತಿರುಗಿ, “ಬಿಡ್ರಿ ಕಾಕಾ, ನಮ್ಮ ತಾಈದು ಕನ್ನಡ ಹಿಂಗಽ. ಅರ್ಧಾ ಮರಾಠಿ, ಅರ್ಧಾ ಲ್ಯಾಬ್ ರಿಪೋರ್ಟ್” ಎಂದಳು. ಮತ್ತೆ ನಗು.

“ಅಕ್ಕ, ಕೈ ತೊಳಕೋ,” ಎಂದು ಓದಿ ಆಕೆ ಕೂತರು.

ನಾನು ತೀರ್ಪು ಕೊಡಲು ಎದ್ದೆ. ಅಂದು ಆಡಿದ್ದು ಅಕ್ಷರಶಃ ನೆನಪಿದೆ, ಮರೆಯುವ ಪ್ರಯತ್ನ ಫಲಿಸಿಲ್ಲ. “ಶೈಲಿ ಛಲೋ ಅದ. ಆದ್ರ ನಮ್ಮ ವಿಷಯ ಏನು? ಬದುಕು ಬದಲಿಸಿದ ದಿನ. ಇಲ್ಲೆ ಏನ್ ಬದಲಾತ್ರಿ? ಬದನೀಕಾಯಿ ಹೆಚ್ಚೋರು ಬದಲಾದ್ರು, ಅಷ್ಟಽ. ಆ ಚೀಟ್ಯಾಗ ಏನಿತ್ತು, ಕಿರಾಣಿ ಪಟ್ಟಿ ಏನು? ಬಾಯಾರು ಬರಿಯೂದಽ ಮರತಾರ. ಯಾಕ್ರಿ, ಹೇಳ್ರಿ, ಏನ್ ಬದಲಾತು?”

ಆಕೆ ಎದ್ದರು. “ಏನೂ ಇಲ್ರಿ ಸರ,” ಎಂದರು. “ಏನೂ ಬದಲಾಗಿಲ್ಲ.”

ನೂರಕ್ಕೆ ಮೂವತ್ತೆಂಟು ಕೊಟ್ಟೆ. ಬೈಪಾಸಿನವರು ಗೆದ್ದರು.

ಎರಡು ದಿನ ಬಿಟ್ಟು ಆಕೆ ನನ್ನ ಮನೆಗೆ ಬಂದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಮೂಲಪ್ರತಿ ವಾಪಸ್ ಕೇಳಿದರು. ಏಳೂ ಕಥೆಗಳ ಮೂಲಪ್ರತಿಗಳನ್ನೇ, ನನ್ನ ಕೆಂಪು ಗುರುತಿನ ಸಮೇತ, ಪುಸ್ತಿಕೆ ಮಾಡಿಸಲು ಪ್ರೆಸ್ಸಿಗೆ ಕೊಟ್ಟಾಗಿದೆ ಎಂದೆ. ಆಕೆಯ ಮುಖ ಬಿಳಿಚಿತು.

“ಹೆದರಬ್ಯಾಡ್ರಿ,” ಎಂದು ಸಮಾಧಾನ ಹೇಳಿದೆ. “ತಪ್ಪೆಲ್ಲಾ ತಿದ್ದೇ ಕೊಟ್ಟೀನಿ. ನಿಮ್ಮ ಕಾಗುಣಿತ ಹೊರಗಿನವರು ಯಾರೂ ನೋಡೂದಿಲ್ಲ.”

“ಕಾಗುಣಿತ ಅಲ್ರಿ ಸರ,” ಎಂದರು. ಆಮೇಲೆ, ನನ್ನಂಥವನಿಗೆ ಬಿಡಿಸಿ ಹೇಳದೆ ಗತಿಯಿಲ್ಲ ಎನ್ನಿಸಿರಬೇಕು, ಹೇಳಿದರು. ಭೋರ್, ಹದಿನೇಳು, ಆಣೆ. ಪರೀಕ್ಷೆಯ ವರದಿ ಓದುವ ದನಿಯಲ್ಲೇ ಹೇಳಿದರು. ನಾನು ಹಿಡಿದುಕೊಂಡಿದ್ದ ಬಾಗಿಲ ಚಿಲಕವನ್ನು ಬಿಡುವುದೋ ಬೇಡವೋ ತಿಳಿಯದೆ ಹಿಡಿದೇ ಇದ್ದೆ.

“ಆ ಚೀಟಿ?” ಎಂದೆ. ಅಂಥ ಹೊತ್ತಿನಲ್ಲೂ ನನಗೆ ಚೀಟಿಯ ಚಿಂತೆ.

“ಚೀಟಿ ಖರೇ ಇಲ್ರಿ. ದವಾಖಾನಿ ಕಾಗದಾ ಎಲ್ಲಾ ಅವ್ವ ಆಗಽ ಸುಟ್ಲು. ಅದಕ್ಕಽ ಕಥಿ ಬೇಕಾತು. ಅವ್ವ ಅನ್ನೋ ಮಾತು ಅವ್ವ ತೊಗೊಂಡ್ಲು. ನನಗ ಉಳದಿದ್ದು ಅದೊಂದಽ. ಆಕಿ ತಾಈ ಅಂದಾಗೆಲ್ಲಾ ನಾ ತಾಯಿ ಅಂತ ಕೇಳಿಸ್ಕೋತಿದ್ದೆ. ಮೂವತ್ತಾರು ವರ್ಷ ಹಂಗಽ ನಡದದ. ಒಮ್ಮೆ ಬರದದ್ದು ನೋಡ್ಲಿ ಅನಿಸ್ತು.”

ಇಂಥ ಹೊತ್ತಿಗೆ ಮನುಷ್ಯ ಏನು ಹೇಳಬೇಕೆಂದು ನನ್ನ ಚೌಕದಲ್ಲಿ ಕಲಿಸಿರಲಿಲ್ಲ. “ಪ್ರೂಫ್ ಇನ್ನೂ ಬಂದಿಲ್ರಿ,” ಎಂದೆ. “ನಿಮ್ಮ ಪದಾ ತಿರುಗಿ ಇಡ್ತೀನಿ. ಪುಸ್ತಿಕೆಯೊಳಗ ಆಕಿ ಓದ್ತಾಳ.”

ಆಕೆ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಮ್ಮೆ.

“ಬ್ಯಾಡ್ರಿ. ಭಾನುವಾರ ರಿಕ್ಷಾದಾಗ ಹೋಗಬೇಕಾದ್ರ ಆಕಿ ಏನಂದ್ಲು ಗೊತ್ತದ ಏನ್ರಿ? ‘ತಾಈ, ಆ ಚೀಟಿ ಬಂದಾಗ ನಾ ಹೆದರಿದ್ದೆ ನೋಡು. ಕಡೀಕ ಸೀರಿಯಲ್‌ನಂಗ ಅಕ್ಕನಽ ಅವ್ವ ಅಂತ ಬರದಿದ್ದೀ ಏನೋ ಅಂತ. ಶೀ! ಹೊಲಸು ಆಗಿಬಿಡ್ತಿತ್ತು. ಅಂಥಾ ಹೆಂಗಸನ್ನ ಯಾರು ಅವ್ವ ಅಂತಾರ? ನೀ ಬರೀಲಿಲ್ಲ, ಛಲೋ ಆತು’ ಅಂದ್ಲು.” ಆಕೆ ಬ್ಯಾಗನ್ನು ಹೆಗಲಿಗೆ ಸರಿಮಾಡಿಕೊಂಡರು. “ನೀವು ತಿದ್ದಿದ್ದಕ್ಕ ನಾ ಇನ್ನೂ ಆ ಮನ್ಯಾಗ ಅದೀನ್ರಿ ಸರ. ಉಪಕಾರ ಆತು.”

ಜೀವನದಲ್ಲಿ ನನ್ನ ತಿದ್ದುಪಡಿಗೆ ಸಿಕ್ಕ ಏಕೈಕ ಪ್ರಶಸ್ತಿ ಅದು. ಅದನ್ನು ಬಾಗಿಲಲ್ಲೇ ಪ್ರದಾನ ಮಾಡಿ ಆಕೆ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದರು.

ಎರಡು ವಾರಕ್ಕೆ ಪ್ರೂಫ್ ಬಂತು. ಪ್ರೆಸ್ಸಿನವರು ನನ್ನ ಹನ್ನೊಂದು ಕೆಂಪು ಗುರುತನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಹನ್ನೆರಡನೆಯದು ಪುಟದ ಅಂಚಿನಲ್ಲಿತ್ತು, ಅವರ ಕಣ್ಣಿಗೆ ಬಿದ್ದಿರಲಿಲ್ಲ. ಕಥೆಯುದ್ದಕ್ಕೂ ‘ಅಕ್ಕ’, ಕೊನೆಯಲ್ಲಿ ‘ತಾಯಿ, ಕೈ ತೊಳಕೋ’. ಮೊದಲ ಸಲ ಆ ಕಥೆಯನ್ನು ನಾನು ಓದಿದೆ. ಆಕೆ ಬರೆದದ್ದಕ್ಕಿಂತಲೂ ಚೆನ್ನಾಗಿತ್ತು. ನನ್ನ ತಪ್ಪು ಮತ್ತು ಪ್ರೆಸ್ಸಿನವರ ತಪ್ಪು ಸೇರಿ ಅದನ್ನು ನಿಜವಾದ ಕಥೆ ಮಾಡಿದ್ದವು. ನೂರಕ್ಕೆ ಎಷ್ಟು ಕೊಡಬಹುದಿತ್ತೆಂದು ಈಗ ಹೇಳಿ ಪ್ರಯೋಜನವಿಲ್ಲ.

ಸಂಜೆ ಆಕೆಗೆ ಫೋನ್ ಮಾಡಿದೆ.

“ಪ್ರೂಫ್ ಬಂದದ್ರಿ. ಕಡೀ ಸಾಲಿನ್ಯಾಗ ನಿಮ್ಮ ಪದಾ ಹಂಗಽ ಉಳದದ. ಪ್ರೆಸ್ಸಿನವರ ಕೈತಪ್ಪು ಅಂತ ಬಿಡ್ಲೇನು? ಯಾರೂ ನಿಮ್ಮನ್ನ ಕೇಳೂದಿಲ್ಲ.”

ಆ ಕಡೆಯಿಂದ ಪಾತ್ರೆ ಇಟ್ಟ ಸದ್ದು, ನಲ್ಲಿಯ ನೀರಿನ ಸದ್ದು. ಆಮೇಲೆ ಒಳಗಿನ ಕೋಣೆಯಿಂದ ತಂಗಿಯ ದನಿ: “ತಾಈ, ಯಾರ ಫೋನು?”

ತಾಈ ಎಂದಳೋ ತಾಯಿ ಎಂದಳೋ ನನ್ನ ಕಿವಿಗೂ ತಿಳಿಯಲಿಲ್ಲ. ಆಕೆಯ ಕಿವಿಗೆ ಯಾವುದು ಬಿತ್ತೆಂಬುದು ಮಾತ್ರ ಗೊತ್ತಿತ್ತು.

“ರಾಂಗ್ ನಂಬರ್,” ಎಂದು ಒಳಗೆ ಕೂಗಿ ಹೇಳಿದರು. ಆಮೇಲೆ ಫೋನನ್ನು ಬಾಯಿಯ ಹತ್ತಿರ ತಂದು, “ತಿದ್ರಿ ಸರ” ಎಂದು ಇಟ್ಟರು.

ಕೆಂಪು ಪೆನ್ಸಿಲ್ ಚೂಪು ಮಾಡಿಕೊಂಡೆ. ಮೊದಲ ಸಲ ತಿದ್ದುವಾಗ ನನಗೆ ಏನೂ ಗೊತ್ತಿರಲಿಲ್ಲ, ಈ ಸಲ ಎಲ್ಲ ಗೊತ್ತಿತ್ತು. ಕೈ ಎರಡೂ ಸಲ ಅಷ್ಟೇ ನೇರವಾಗಿ ಹೋಯಿತು. ಎರಡಕ್ಷರ ಹೊಡೆದು ಎರಡಕ್ಷರ ಬರೆದೆ. ಅಳತೆ ಸರಿಯಾಗಿ ಕೂತಿತು, ಮುಂದಿನ ಸಾಲು ಒಂದಿಷ್ಟೂ ಸರಿಯಬೇಕಾಗಲಿಲ್ಲ. ಕೆಳಗೆ ಸಹಿ ಹಾಕಿದೆ.